ಅಕ್ಕನ ಬಚ್ಚಲಮನೆ

ಅಕ್ಕನ ಅಂತ್ಯಸಂಸ್ಕಾರದ ದಿನ ನಮ್ಮ ಕನ್ನಡ ಬಳಗದ ಅಧ್ಯಕ್ಷರು ಮೈಕು ಹಿಡಿದು, "ಬಹಳ ಮೃದು ಸ್ವಭಾವದ ಹೆಣ್ಣುಮಗಳು, ಯಾರ ಮನಸ್ಸನ್ನೂ ನೋಯಿಸಿದವರಲ್ಲ" ಎಂದರು. ನನಗೆ ಕೆಮ್ಮು ಬಂತು. ಕೆಮ್ಮಲ್ಲ, ನಗು. ಅದನ್ನು ಕೆಮ್ಮಾಗಿ ತಿರುಗಿಸುವ ವಿದ್ಯೆಯಲ್ಲಿ ನಾನು ಪಳಗಿದವನು. ಇದೇ ಅಧ್ಯಕ್ಷರನ್ನು ಅಕ್ಕ ಒಮ್ಮೆ ಲಟ್ಟಣಿಗೆ ಹಿಡಿದುಕೊಂಡೇ ಬಾಗಿಲ ತನಕ ಬೀಳ್ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಮನೆಯಲ್ಲಿ ಮೃದುವಾಗಿದ್ದದ್ದು ಹೋಳಿಗೆ ಮಾತ್ರ.

ಅಧ್ಯಕ್ಷರ ದನಿಯನ್ನು ನಾನು ಚೆನ್ನಾಗಿ ಮಾಡುತ್ತೇನೆ. ಮೂಗಿನಿಂದ ಶುರುವಾಗಿ ಹೊಟ್ಟೆಯಲ್ಲಿ ಮುಗಿಯುವ ದನಿ. ಬಸ್ಸಿನ ಅನೌನ್ಸ್‌ಮೆಂಟು, ಜಿ.ಪಿ. ಕ್ಲಿನಿಕ್ಕಿನ ರಿಸೆಪ್ಷನಿಸ್ಟು, ಬಾಡಿಗೆ ಕೇಳಲು ಬಂದ ಮಾಲೀಕನ ಮುಂದೆ ನನ್ನದೇ ಗಂಟಲು, ಎಲ್ಲವನ್ನೂ ಮಾಡುತ್ತೇನೆ. ಮ್ಯಾಂಚೆಸ್ಟರಿಗೆ ಡೇಟಾ ಸೈನ್ಸ್ ಓದಲು ಬಂದವನು ನಾನು. ಡೇಟಾವೂ ಬರಲಿಲ್ಲ, ಸೈನ್ಸೂ ಬರಲಿಲ್ಲ. ಮೊದಲಿಂದ ಇದ್ದ ಮಂಗನಾಟ ಮಾತ್ರ ಇಲ್ಲಿನ ಚಳಿಗೆ ಇನ್ನಷ್ಟು ಚುರುಕಾಯಿತು.

ಅಕ್ಕನ ಮನೆ ಮ್ಯಾಂಚೆಸ್ಟರಿನ ವಿದನ್‌ಶಾ ಬಡಾವಣೆಯಲ್ಲಿ, ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ. ಅವರು ಅದೇ ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದರು. ಮೇಲಿನ ಸಣ್ಣ ಕೋಣೆ ಬಾಡಿಗೆಗಿದೆ ಎಂದು ಕೇಳಿ ಹೋದ ದಿನ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಪರೀಕ್ಷೆ ಮಾಡಿದರು.

"ಊರು?"

"ಮೈಸೂರು, ಆಂಟಿ."

"ಆಂಟಿ ಅಂದ್ರ ಬಾಡಿಗಿ ಜಾಸ್ತಿ. ಅಕ್ಕ ಅಂದ್ರ ಅದ್ರಾಗ ಊಟಾನೂ ಸೇರ್ತೈತಿ."

"ಅಕ್ಕಾ," ಎಂದೆ, ಉಸಿರು ಸಹ ತೆಗೆದುಕೊಳ್ಳದೆ.

"ಲಗೂನ ಕಲೀತಿ. ಮೈಸೂರವ್ರು ಊಟದ ವಿಷಯದಾಗ ಭಾಳ ಶಾಣ್ಯಾರು."

ಒಂದು ವಾರದೊಳಗೆ ನಾನು ಅವರ ಧಾರವಾಡದ ಮಾತನ್ನು ಅವರಿಗೇ ಮಾಡಿ ತೋರಿಸಿದೆ. ಸೊಂಟದ ಮೇಲೆ ಕೈ, ಹುಬ್ಬು ಮೇಲೆ, "ಏನೋ ತಮ್ಮಾ" ಎಂಬಲ್ಲಿ ಎಳೆಯುವ ರಾಗ, ಎಲ್ಲ ಸೇರಿಸಿ. ಅವರು ಗಂಭೀರವಾಗಿ ನೋಡಿದರು. "ಇನ್ನೊಮ್ಮೆ ಮಾಡು" ಎಂದರು. ಮಾಡಿದೆ. "ಸುಳ್ಳ. ನನ್ನ ದನಿ ಇದಕ್ಕಿಂತ ಛಲೋ ಐತಿ" ಎಂದು ತೀರ್ಪು ಕೊಟ್ಟು ಒಳಗೆ ಹೋಗಿ, ಅಡುಗೆಮನೆಯಲ್ಲಿ ಒಬ್ಬರೇ ನಕ್ಕರು. ಅವರ ನಗು ನನ್ನ ಕೈಗೆ ಕೊನೆಗೂ ಸಿಗಲಿಲ್ಲ. ಒಲೆಯ ಮೇಲೆ ಹಾಲು ಉಕ್ಕುವ ಹಾಗೆ ಬಂದು, ತಕ್ಷಣ ತಗ್ಗಿಹೋಗುತ್ತಿತ್ತು.

ಅವರ ಗಂಡನನ್ನು ನಾನು ಭಾವ ಎನ್ನುತ್ತಿದ್ದೆ. ಅಕ್ಕ ಎಂದ ಮೇಲೆ ಬೇರೆ ದಾರಿಯಿಲ್ಲವಲ್ಲ. ನಾನು ಹೋಗುವ ಹೊತ್ತಿಗಾಗಲೇ ಅವರು ಮನೆಯಲ್ಲಿರಲಿಲ್ಲ. ಸ್ಟ್ರೋಕ್ ಆಗಿ ಮೈಯ ಒಂದು ಭಾಗ ಪೂರ್ತಿ ಬಿದ್ದುಹೋಗಿತ್ತು, ಜೊತೆಗೆ ಇಂಗ್ಲಿಷೂ. ಅರ್ಧ ಆಯುಷ್ಯ ಇಂಗ್ಲಿಷಿನಲ್ಲೇ ಎಂಜಿನಿಯರ್ ಕೆಲಸ ಮಾಡಿದ ಮನುಷ್ಯನಿಗೆ ಚಿಕ್ಕಂದಿನ ಕನ್ನಡವೊಂದೇ ಉಳಿದುಕೊಂಡಿತ್ತು. ಅವರನ್ನು ಇಟ್ಟಿದ್ದ ನರ್ಸಿಂಗ್ ಹೋಮಿನವರು ಒಳ್ಳೆಯವರು. ನಾನು ಕಲಿಸಿದ ನೀರು, ಸಾಕು, ನೋವು ಎಂಬ ಮಾತುಗಳನ್ನು ಹಾಡಿನಂತೆ ಹೇಳಿಕೊಂಡು ಓಡಾಡುತ್ತಿದ್ದರು. ಆದರೆ ಮನುಷ್ಯನಿಗೆ ದಿನವಿಡೀ ಹೇಳಲಿಕ್ಕೆ ಇರುವುದು ನೀರು, ಸಾಕು, ನೋವು ಅಷ್ಟೇ ಅಲ್ಲ. ಭಾವ ಮಾತುಗಾರರು. ಅಕ್ಕ ಡ್ಯೂಟಿ ಮುಗಿಸಿ ಬರುವ ತನಕ ಗೋಡೆಯ ಜೊತೆ ಮಾತಾಡುತ್ತಿದ್ದರು.

ಮನೆಗೆ ಕರೆತರಲು ಅಡ್ಡಿಯಾಗಿದ್ದದ್ದು ಒಂದೇ. ಮನೆಯ ಬಚ್ಚಲು ಮೇಲಿನ ಅಂತಸ್ತಿನಲ್ಲಿತ್ತು, ಮೆಟ್ಟಿಲು ಕಡಿದು. ಗಾಲಿಕುರ್ಚಿ ಹೋಗುವಂಥ ಬಚ್ಚಲು ಕೆಳಗೆ ಆಗದೆ ರೋಗಿಯನ್ನು ಕಳಿಸುವುದಿಲ್ಲ ಎಂದು ಸೋಶಿಯಲ್ ವರ್ಕರ್ ಖಡಾಖಂಡಿತ ಹೇಳಿದ್ದರು. "ಕೆಳಗ ಒಂದು ಬಚ್ಚಲಾ ಆದ್ರ ಇವ್ರು ಮನಿಗೆ ಬರ್ತಾರ." ಈ ಮಾತನ್ನು ಅಕ್ಕ ರೊಟ್ಟಿ ಬಡಿಯುವಾಗ, ಬಸ್ಸಿಗೆ ಕಾಯುವಾಗ, ಕೆಲವೊಮ್ಮೆ ಯಾರೂ ಕೇಳದಿದ್ದಾಗಲೂ ಹೇಳುತ್ತಿದ್ದರು.

ಕಂಟ್ರಾಕ್ಟರು ಸಿಕ್ಕಿದ್ದು ಬಳಗದ ಯುಗಾದಿ ಊಟದ ಪಂಕ್ತಿಯಲ್ಲಿ. ನಮ್ಮವನು, ಬೆಂಗಳೂರಿನವನು, ಬಾಯಿ ತೆರೆದರೆ ಬೆಲ್ಲ. ಅವನ ವ್ಯಾನಿನ ಮೇಲೆ ಬಿಲ್ಡರುಗಳನ್ನು ನೋಂದಾಯಿಸುವ ಸಂಸ್ಥೆಯೊಂದರ ಮುದ್ರೆಯಿತ್ತು. ಇಲ್ಲಿ ಗೋಡೆ ಕಟ್ಟಲು ಸರ್ಕಾರದ ಲೈಸೆನ್ಸು ಬೇಕಿಲ್ಲ. ಆದರೆ ಅಂಥ ಮುದ್ರೆ ಇಲ್ಲದವನನ್ನು ಯಾರೂ ಬಾಗಿಲೊಳಗೆ ಬಿಟ್ಟುಕೊಳ್ಳುವುದಿಲ್ಲ. ಬಿಲ್ಡರುಗಳ ಪಾಲಿಗೆ ಅದೇ ಲೈಸೆನ್ಸು, ಅದೇ ಅನ್ನ. ಅವನು ಮನೆಗೆ ಬಂದು, ಹಿತ್ತಲು ನೋಡಿ, ಹೋಳಿಗೆ ತಿಂದು, ಮತ್ತೆ ಹಾಕಿಸಿಕೊಂಡು, "ಆಂಟಿ, ನೀವು ಟೆನ್ಷನ್ ತಗೋಬೇಡಿ, ಇದು ನನ್ನ ಮನೆ ಕೆಲಸ" ಎಂದ.

ಅವನು ಹೋದ ಮೇಲೆ ನಾನು, "ಅಕ್ಕಾ, ಒಂದು ಕೊಟೇಶನ್ ಬರೆಸಿಕೊಳ್ಳಿ" ಎಂದೆ.

"ನಮ್ಮ ಪಂಕ್ತ್ಯಾಗ ಕುಂತು ಉಂಡವಗ ಸಹಿ ಮಾಡು ಅಂತ ಹೆಂಗ ಹೇಳ್ಲೋ? ಇಂಗ್ಲಿಷ್ ಬಿಲ್ಡರ್ ಆಗಿದ್ರ ಕುತ್ತಿಗಿ ಹಿಡಿದು ಬರಸ್ಕೋತಿದ್ದೆ."

ಲ್ಯಾಬಿನಲ್ಲಿ ಹೆಸರು ಬರೆಯದ ರಕ್ತದ ಸೀಸೆಯನ್ನು ಮುಟ್ಟದ ಹೆಂಗಸು ಇವರು. ಫ್ರಿಜ್ಜಿನ ಸಾರಿನ ಡಬ್ಬಿಗೂ ಚೀಟಿ ಅಂಟಿಸುವವರು. ನಮ್ಮವನು ಎಂಬ ಒಂದು ಮಾತಿಗೆ ಆ ಶಿಸ್ತೆಲ್ಲ ಕರಗಿಹೋಯಿತು.

ಗುದ್ದಲಿ ಪೂಜೆ ಆಗಲೇಬೇಕು ಎಂದರು ಅಕ್ಕ. ಮ್ಯಾಂಚೆಸ್ಟರಿನಲ್ಲಿ ಗುದ್ದಲಿ ಎಲ್ಲಿ ತರುವುದು? ತೋಟದ ಸ್ಪೇಡಿಗೇ ಅರಿಶಿನ ಕುಂಕುಮ ಹಚ್ಚಿದೆವು. ಭಾವನನ್ನು ಆ ಒಂದು ಮಧ್ಯಾಹ್ನಕ್ಕೆ ಅನುಮತಿ ಪಡೆದು ಕರೆಸಲಾಗಿತ್ತು. ಕಂಬಳಿ ಹೊದ್ದು ಗಾಲಿಕುರ್ಚಿಯಲ್ಲಿ ಕುಳಿತು, ಕಂಟ್ರಾಕ್ಟರು ಗೂಟ ನೆಟ್ಟು ದಾರ ಎಳೆಯುವುದನ್ನು ಎಂಜಿನಿಯರನ ಕಣ್ಣಿನಿಂದ ನೋಡಿದರು. "ದಾರ ಸಡಲ ಐತಿ" ಎಂದು ತಪ್ಪನ್ನೂ ಹಿಡಿದರು. ಕಂಟ್ರಾಕ್ಟರು ಅವರ ಕೈ ಹಿಡಿದುಕೊಂಡು, "ಸರ್, ದೀಪಾವಳಿಗೆ ನೀವು ಇಲ್ಲೇ ಎಣ್ಣೆಸ್ನಾನ ಮಾಡ್ತೀರ. ಇದು ನನ್ನ ಮಾತು" ಎಂದ.

"ನೀರು ಬಿಸೀ ಇರ್ಲಿ ಮತ್ತ," ಎಂದರು ಭಾವ. ಎಲ್ಲರೂ ನಕ್ಕೆವು.

ಆಮೇಲೆ ಅಕ್ಕ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಮುಂಗಡದ ಲಕೋಟೆ ಇಟ್ಟುಕೊಂಡು ಬಂದರು. ವಿಡಿಯೋ ತೆಗೆಯುತ್ತಿದ್ದ ನನ್ನತ್ತ ತಿರುಗಿ, "ಫೋನ್ ಒಳಗಿಡು. ಕೊಡೂದನ್ನ ಯಾರಿಗೂ ತೋರಿಸಬಾರ್ದು" ಎಂದರು. ಒಳಗಿಟ್ಟೆ. "ಇವ್ರ ಸಲುವಾಗಿ ಬಚ್ಚಲಾ ಕಟ್ಟಿಕೊಡಪಾ" ಎಂದು ಅಕ್ಕ ತಟ್ಟೆ ನೀಡಿದರು. ಅವನು ಬೂಟು ಬಿಚ್ಚಿ, ಎರಡೂ ಕೈಯಲ್ಲಿ ತಾಂಬೂಲ ತೆಗೆದುಕೊಂಡು, ಕಣ್ಣಿಗೆ ಒತ್ತಿಕೊಂಡ.

ಆ ವರ್ಷ ನಮ್ಮ ಹಿತ್ತಲಲ್ಲಿ ಅವನು ಮಾಡಿದ ಕೆಲಸ ಅಷ್ಟೇ.

ಮೊದಲು ಟೈಲ್ಸ್ ದಾರಿಯಲ್ಲಿತ್ತು. ಆಮೇಲೆ ಪ್ಲಂಬರನ ಬೆನ್ನು ಹಿಡಿದುಕೊಂಡಿತು. ಆಮೇಲೆ ಮಳೆ, ಮ್ಯಾಂಚೆಸ್ಟರಿನಲ್ಲಿ ಅದೊಂದು ಅನಿರೀಕ್ಷಿತ ಘಟನೆಯೋ ಎಂಬಂತೆ. ಊಟಕ್ಕೆ ಕುಳಿತಾಗ ನಾನು ಅವನ ದನಿಯಲ್ಲಿ, "ಆಂಟಿ, ನಾಳೆ ಅಂದ್ರೆ ನಾಳೆ" ಎನ್ನುತ್ತಿದ್ದೆ. ಅಕ್ಕ ನಗುತ್ತಿದ್ದರು. ದೀಪಾವಳಿ ಬಂದು ಹೋಯಿತು. ಅಂದು ಅವರು ನರ್ಸಿಂಗ್ ಹೋಮಿನಲ್ಲೇ ಭಾವನ ನೆತ್ತಿಗೆ ಎಣ್ಣೆ ಹಚ್ಚಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ ಬಂದರು. ಊಟಕ್ಕೆ ಕುಳಿತಾಗ ನಾನು ಅಭ್ಯಾಸಬಲದಿಂದ "ಆಂಟಿ, ನಾಳೆ" ಎಂದು ಶುರುಮಾಡಿದೆ.

"ಬ್ಯಾಡ ಬಿಡೋ," ಎಂದರು ಅಕ್ಕ. "ಅವನ ದನಿ ನಮ್ಮ ಮನ್ಯಾಗ ಬ್ಯಾಡ."

ಅವನು ಫೋನ್ ಎತ್ತುವುದನ್ನು ನಿಲ್ಲಿಸಿದ ಮೇಲೆ ಅಕ್ಕ ಅವನಿಗೆ ಮುದ್ರೆ ಕೊಟ್ಟ ಸಂಸ್ಥೆಗೇ ದೂರು ಕೊಟ್ಟರು. ಸುದ್ದಿ ತಿಳಿದ ಅಧ್ಯಕ್ಷರು ಅದೇ ಶನಿವಾರ ಶಾಂತಿದೂತರಾಗಿ ಬಂದರು. ಅಕ್ಕ ಚಪಾತಿ ಲಟ್ಟಿಸುತ್ತಿದ್ದರು.

"ನೋಡಿ ಮೇಡಂ, ನಮ್ಮ ಹುಡುಗ. ಹೆಂಡತಿ ಮಕ್ಕಳಿದ್ದಾರೆ. ಬಿಳಿಯರ ಮುಂದೆ ನಮ್ಮವರ ಮಾನ ನಾವೇ ತೆಗೆಯೋದೇ? ಮುದ್ರೆ ಹೋದರೆ ಅವನ ಬದುಕೇ ಹೋಯ್ತು."

"ಹೌದ್ರಿ. ನಮ್ಮವ್ರನ್ನ ಒಂದು ವಾರ ನಿಮ್ಮ ಮನ್ಯಾಗ ಇಟಗೋರಿ. ನಿಮ್ಮ ಬಚ್ಚಲಾ ಕೆಳಗ ಐತಲ್ಲ."

"ಅಲ್ಲ ಮೇಡಂ, ಅದು ಹೇಗೆ..."

"ಹಂಗಾದ್ರ ಏಳ್ರಿ."

ಬಾಗಿಲ ತನಕ ಲಟ್ಟಣಿಗೆಯ ಮೆರವಣಿಗೆ ನಡೆದದ್ದು ಆಗಲೇ.

ವಿಚಾರಣೆ ಲ್ಯಾಪ್‌ಟಾಪಿನಲ್ಲಿ ಆಯಿತು. ಲೀಡ್ಸಿನಿಂದ ಸಂಸ್ಥೆಯ ಅಧಿಕಾರಿ, ಬಿಳಿಕೂದಲಿನ ಒಬ್ಬ ಹೆಂಗಸು. ಇನ್ನೊಂದು ಚೌಕದಲ್ಲಿ ನಮ್ಮ ಕಂಟ್ರಾಕ್ಟರು, ಟೈ ಕಟ್ಟಿಕೊಂಡು. ಅಕ್ಕನ ಇಂಗ್ಲಿಷ್ ನನ್ನದಕ್ಕಿಂತ ನೆಟ್ಟಗಿತ್ತು. ಆದರೂ, "ಪಕ್ಕದಾಗ ಕುಂದ್ರು. ಸಿಟ್ಟು ಬಂದ್ರ ನನಗ ಬರೇ ಕನ್ನಡಾ ಬರ್ತೈತಿ" ಎಂದಿದ್ದರು. ಕೆಲಸ ಒಪ್ಪಿಕೊಂಡದ್ದು ಸಾಬೀತಾದರೆ ಮಾಡಿಕೊಡುವಂತೆ ಸಂಸ್ಥೆ ಅವನನ್ನು ಕಟ್ಟಿಹಾಕಬಹುದಿತ್ತು. ಸಾಬೀತಾಗದಿದ್ದರೆ ಭಾವ ಇದ್ದಲ್ಲೇ ಇರಬೇಕು. ಕೂಡಿಟ್ಟದ್ದೆಲ್ಲ ಆ ಲಕೋಟೆಗೇ ಹೋಗಿ, ಅಕ್ಕನ ಹತ್ತಿರ ಇನ್ನೊಬ್ಬ ಬಿಲ್ಡರನಿಗೆ ಕೊಡಲು ಏನೂ ಉಳಿದಿರಲಿಲ್ಲ.

ಅವನ ವಾದ ಬಹಳ ಚೊಕ್ಕವಾಗಿತ್ತು. ಕರಾರು ಎಂಬುದೇ ಆಗಿಲ್ಲ. ಆಂಟಿ ನನಗೆ ತಾಯಿ ಸಮಾನ. ಅವರು ಪೂಜೆಗೆ ಕರೆದರು, ಹೋದೆ. ಮನೆ ಕಟ್ಟುವವನು ಅಂತ ಮರ್ಯಾದೆಗೆ ದಾರ ಹಿಡಿಸಿದರು, ಹಿಡಿದೆ. ನಮ್ಮಲ್ಲಿ ಹಿರಿಯರು ಕಿರಿಯರಿಗೆ ಎಲೆ ಅಡಿಕೆಯ ಮೇಲೆ ದುಡ್ಡಿಟ್ಟು ಆಶೀರ್ವಾದ ಮಾಡುತ್ತಾರೆ, ಬೇಡ ಅಂದರೆ ಅವಮಾನ. ನಮ್ಮ ಸಂಪ್ರದಾಯವನ್ನು ವ್ಯಾಪಾರ ಅಂತ ಕರೆಯುತ್ತಿರುವುದು ನನಗೆ ನೋವು ತಂದಿದೆ. ಸಂಪ್ರದಾಯ ಎಂಬ ಮಾತು ಬಂದಾಗಲೆಲ್ಲ ಅಧಿಕಾರಿಯ ಮುಖ ಒಂದು ಥರ ಮೆತ್ತಗಾಗುತ್ತಿತ್ತು. ಪರರ ದೇವರ ಮನೆಯೊಳಗೆ ಬೂಟುಗಾಲಲ್ಲಿ ಬಂದುಬಿಟ್ಟೆನೇನೋ ಎಂಬ ಅಂಜಿಕೆ.

ಆಕೆ ಅಕ್ಕನನ್ನು ಕೇಳಿದರು: ಇಂಥ ಪದ್ಧತಿ ನಿಮ್ಮಲ್ಲಿ ನಿಜವಾಗಿಯೂ ಇದೆಯೇ?

ಇಲ್ಲ ಎನ್ನಿ ಅಕ್ಕಾ, ಎಂದು ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. ಅವರು ನನ್ನನ್ನು ತಿರುಗಿ ತುಳಿದರು.

"ಇದೆ," ಎಂದರು ಇಂಗ್ಲಿಷಿನಲ್ಲೇ. "ಮಕ್ಕಳಿಗೆ, ದಂಪತಿಗಳಿಗೆ, ಮನೆಗೆ ಬಂದವರಿಗೆ ಕೊಡುತ್ತೇವೆ. ನಾನೇ ಎಷ್ಟೋ ಜನಕ್ಕೆ ಕೊಟ್ಟಿದ್ದೇನೆ. ಅವನು ಹೇಳಿದ್ದು ಸುಳ್ಳಲ್ಲ."

ಮುಗಿಯಿತು ಎಂದುಕೊಂಡೆ. ಪರದೆಯಲ್ಲಿ ಅವನ ಭುಜ ಸಡಿಲವಾದದ್ದೂ ಕಾಣಿಸಿತು. ಆಗ ಅಕ್ಕ ಅಧಿಕಾರಿಯನ್ನು ಬಿಟ್ಟು ಅವನತ್ತ ನೋಡಿದರು. ಇಂಗ್ಲಿಷ್ ಅವರನ್ನು ಬಿಟ್ಟುಹೋಯಿತು.

"ತಮ್ಮಾ, ರೊಕ್ಕದ ಮಾತು ಬಿಡು. ಅದನ್ನ ಆಶೀರ್ವಾದ ಅನ್ನು, ಭಿಕ್ಷಾ ಅನ್ನು, ನಾ ಸುಮ್ಮ ಇರ್ತೀನಿ. ನಮ್ಮ ಮನಿಯವ್ರು ಮುಂದ ಕುಂತಿದ್ರು. ಬಚ್ಚಲಾ ಕಟ್ಟಿಕೊಡಪಾ ಅಂತ ಕೆಲಸದ ಹೆಸರು ಹೇಳಿ ನಾ ವೀಳ್ಯಾ ನೀಡಿದೆ. ವೀಳ್ಯಾ ಹಿಡಿದಿಯೋ, ಇಲ್ಲೋ?"

ಟೈಲ್ಸಿನ ಬಗ್ಗೆ, ಪ್ಲಂಬರನ ಬೆನ್ನಿನ ಬಗ್ಗೆ, ಲಕೋಟೆಯ ಬಗ್ಗೆ ನೀರು ಕುಡಿದಷ್ಟು ಸಲೀಸಾಗಿ ಸುಳ್ಳು ಹೇಳಿದವನು ಕ್ಯಾಮೆರಾ ಬಿಟ್ಟು ಪಕ್ಕಕ್ಕೆ ನೋಡಿದ. ಅಲ್ಲಿ ಗೋಡೆಯಿತ್ತೋ, ಹೆಂಡತಿ ನಿಂತಿದ್ದಳೋ ಗೊತ್ತಿಲ್ಲ.

"ಹಿಡಿದೆ, ಆಂಟಿ."

ಏನು ಕೇಳಿದಿರಿ, ಏನು ಹೇಳಿದರು ಎಂದು ಅಧಿಕಾರಿ ವಿಚಾರಿಸಿದರು. "ಅವನನ್ನೇ ಕೇಳಿ," ಎಂದರು ಅಕ್ಕ.

ಅವನು ಟೈ ಸಡಿಲಿಸಿಕೊಂಡ. "ಆ ಎಲೆ ತೆಗೆದುಕೊಂಡೆಯಾ ಎಂದು ಕೇಳಿದರು. ತೆಗೆದುಕೊಂಡೆ ಎಂದೆ."

ತೆಗೆದುಕೊಂಡರೆ ಏನರ್ಥ?

"ಒಂದು ಕೆಲಸ ಹೇಳಿ ಎಲೆ ಕೊಟ್ಟಾಗ ತಗೊಂಡರೆ..." ಅವನು ನಿಲ್ಲಿಸಿದ. "ಮಾಡ್ತೀನಿ ಅಂತ ಅರ್ಥ."

ಅಧಿಕಾರಿ ತಲೆ ತಗ್ಗಿಸಿ ಬರೆದುಕೊಂಡರು. ಲ್ಯಾಪ್‌ಟಾಪ್ ಮುಚ್ಚಿದ ಕೂಡಲೇ ನಾನು, "ಸಿಕ್ಕಿಬಿದ್ದ ಅಕ್ಕಾ, ಸಿಕ್ಕಿಬಿದ್ದ!" ಎಂದು ಅಡುಗೆಮನೆಯಲ್ಲಿ ಕುಣಿದೆ. ನನ್ನ ಕುಣಿತ ನೋಡಿದರೆ ಯಾರಿಗಾದರೂ ನಗು ಬರಬೇಕು, ಅಕ್ಕ ನಗಲಿಲ್ಲ.

"ಬೀಳಿಸಿದ್ದು ನಾ ಅಲ್ಲೋ. ಅವನವ್ವ ಅಷ್ಟರ ಕಲಿಸ್ಯಾಳ, ಪುಣ್ಯಾತ್ಗಿತ್ತಿ."

ತೀರ್ಮಾನ ಬರಲು ಹೊತ್ತು ಹಿಡಿಯಿತು. ಆ ಚಳಿಗಾಲದಲ್ಲಿ ಭಾವನಿಗೆ ಎದೆಯಲ್ಲಿ ಕಫ ಕಟ್ಟಿತು. ಒಂದು ಸಂಜೆ ಅಕ್ಕನಿಗೆ ಲ್ಯಾಬಿನ ಪಾಳಿಯಲ್ಲಿ ಡ್ಯೂಟಿ ಬಿದ್ದಿತ್ತು, ಹೋಗಲಾಗಲಿಲ್ಲ. ಮರುದಿನ ಬೆಳಿಗ್ಗೆ ನಾವಿಬ್ಬರೂ ಹೋಗುವಷ್ಟರಲ್ಲಿ ಮುಗಿದಿತ್ತು. ನೋಡಿಕೊಳ್ಳುತ್ತಿದ್ದ ಹುಡುಗಿ ಅಳುತ್ತ ನಿಂತಿದ್ದಳು. ನಿನ್ನೆ ಸಂಜೆಯೆಲ್ಲ ಮಾತಾಡುತ್ತಲೇ ಇದ್ದರು ಎಂದಳು. ತುಂಬಾ ಹೇಳಿದರು, ಏನನ್ನೋ ಮತ್ತೆ ಮತ್ತೆ ಕೇಳಿದರು. ನಮಗೆ ತಿಳಿಯಲಿಲ್ಲ. "ಯೆಸ್ ಲವ್, ಯೆಸ್ ಲವ್" ಅಂತ ತಲೆಯಾಡಿಸುತ್ತಿದ್ದೆವು.

ಅಕ್ಕ ಆ ಹುಡುಗಿಯ ಬೆನ್ನು ಸವರಿದರು. ಮಂಚದ ಪಕ್ಕದ ಕುರ್ಚಿಯಲ್ಲಿ ಕುಳಿತು, "ಹೇಳ್ರಿ," ಎಂದರು ಭಾವನಿಗೆ. ಸ್ವಲ್ಪ ಹೊತ್ತು ಕಾದರು. "ಹೇಳ್ರಿ, ಬಂದೀನಿ."

ಎಲ್ಲರ ದನಿಯನ್ನೂ ಕದಿಯುವ ನಾನು ಆ ಎರಡು ಮಾತನ್ನು ಯಾರ ಮುಂದೆಯೂ ಮಾಡಿಲ್ಲ.

ತೀರ್ಮಾನ ಬಂದದ್ದು ಆಮೇಲೆ. ದೂರು ನಿಜ, ಹೇಳಿದ ಅವಧಿಯೊಳಗೆ ಬಿಲ್ಡರು ಕೆಲಸ ಮುಗಿಸಿಕೊಡಬೇಕು, ಮನೆಯವರು ಮುಗಿಯಿತೆಂದು ಸಹಿ ಹಾಕಬೇಕು, ಇಲ್ಲವಾದರೆ ಅವನ ಹೆಸರು ಪಟ್ಟಿಯಿಂದ ಹೋಗುತ್ತದೆ. ಮನೆಯವರಿಗೆ ಕೆಲಸ ಬೇಡವೆಂದರೆ ಬೇಡ ಎನ್ನುವ ಹಕ್ಕೂ ಇತ್ತು. ಅಕ್ಕ ಬೇಡ ಎನ್ನುತ್ತಾರೆ, ಅವನು ಬೀದಿಗೆ ಬೀಳುತ್ತಾನೆ ಎಂದು ಬಳಗವೆಲ್ಲ ನಂಬಿತ್ತು. ನಾನು ನಂಬಿದ್ದಷ್ಟೇ ಅಲ್ಲ, ಹಬ್ಬಕ್ಕೆ ಕಾದ ಹಾಗೆ ಕಾದಿದ್ದೆ.

"ಬಂದು ಮಾಡ್ಲಿ," ಎಂದರು ಅಕ್ಕ.

"ಯಾರಿಗೆ ಅಕ್ಕಾ, ಈಗ?"

"ಮಾತು ನನಗ ಕೊಟ್ಟಿದ್ದಲ್ಲ. ಅವ್ರ ಕೈ ಹಿಡಿದು ಕೊಟ್ಟಾನ. ಅವ್ರು ಹೋದ್ರಂತ ಇವನ ಮಾತು ಹೋಗ್ತೈತೇನು?"

ಅವನು ಬಂದ. ಆಳುಗಳನ್ನು ಕಳಿಸದೆ ತಾನೇ ಬಂದು ಅಗೆದ, ಗೋಡೆ ಎಬ್ಬಿಸಿದ, ಪೈಪು ಎಳೆದ. ಅಕ್ಕ ರಜೆ ಹಾಕಿ, ಅಡುಗೆಮನೆಯ ಕುರ್ಚಿಯನ್ನು ಹಿತ್ತಲ ಬಾಗಿಲಿಗೆ ಎಳೆದುಕೊಂಡು, ಎದುರಿಗೇ ಕುಳಿತರು. ಅಂಚೆಯವನಿಗೆ ಚಕ್ಕುಲಿ, ಮೀಟರ್ ನೋಡಲು ಬಂದವನಿಗೆ ಚಹಾ ಕೊಡುವ ಮನೆ ಅದು. ಅವನಿಗೆ ಒಂದು ಲೋಟ ನೀರು ಬರಲಿಲ್ಲ. ತನ್ನ ಬಾಟಲಿಯನ್ನು ವ್ಯಾನಿನಲ್ಲೇ ಇಟ್ಟುಕೊಂಡು, ಬಾಯಾರಿದಾಗ ಹೊರಗೆ ಹೋಗಿ ಕುಡಿದು ಬರುತ್ತಿದ್ದ.

ಅವನ ಜೊತೆ ಅಕ್ಕ ಮಾತಾಡಲೂ ಇಲ್ಲ. "ಅವಗ ಹೇಳು, ಆ ಟೈಲ್ಸ್ ಸೊಟ್ಟ ಐತಿ" ಎಂದು ನನಗೆ ಹೇಳುವರು. ಮೂರು ಹೆಜ್ಜೆ ಆಚೆ ನಿಂತ ಅವನಿಗೆ ನಾನು, "ಟೈಲ್ಸ್ ಸೊಟ್ಟ ಇದೆಯಂತೆ" ಎನ್ನುವೆ. "ಸರಿ ಮಾಡ್ತೀನಿ ಅಂತ ಹೇಳಿ" ಎನ್ನುವನು ಅವನು. "ಮಾಡ್ತಾರಂತ್ರಿ ಅಕ್ಕಾರ" ಎನ್ನುವೆ. ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡಿ ಬದುಕಿದ ಏಕೈಕ ದುಭಾಷಿ ನಾನೇ ಇರಬೇಕು.

ಕೆಲಸ ಮುಗಿದ ದಿನ ಅಕ್ಕ ಒಳಗಿನಿಂದ ಭಾವನ ಗಾಲಿಕುರ್ಚಿ ತಂದು ನಿಲ್ಲಿಸಿದರು.

"ಅವಗ ಹೇಳು, ಒಳಗ ತಿರಗಿಸಿ ತೋರಿಸ್ಲಿ."

ನಾನು ಹೇಳುವ ಮುಂಚೆಯೇ ಅವನು ಕುರ್ಚಿ ದೂಡಿಕೊಂಡು ಹೋಗಿ ಒಂದು ಸುತ್ತು ತಿರುಗಿಸಿದ. ಸಲೀಸಾಗಿ ತಿರುಗಿತು.

"ಖಾಲಿ ಗಾಡಿ ಯಾರರ ತಿರಗಸ್ತಾರ. ಇನ್ನೊಮ್ಮೆ. ನಿಧಾನ. ಕಾಲು ಗೋಡಿಗೆ ತಾಗಬಾರ್ದು ಅಂತ ಹೇಳು."

ಈ ಸಲ ಅವನು ಬಗ್ಗಿದ. ಇಲ್ಲದ ಕಾಲುಗಳಿಗೆ ಜಾಗ ಬಿಟ್ಟು, ಮೂಲೆಯಲ್ಲಿ ಹಿಂದೆ ಸರಿದು, ಮತ್ತೆ ಮುಂದೆ ತಂದು, ಷವರಿನ ಕೆಳಗೆ ನಿಲ್ಲಿಸಿದ. ಅಕ್ಕ ನಲ್ಲಿ ತಿರುಗಿಸಿ, ಧಾರೆಯ ಕೆಳಗೆ ಅಂಗೈ ಹಿಡಿದರು. ತುಂಬಾ ಹೊತ್ತು ಹಿಡಿದೇ ಇದ್ದರು. ಖಾಲಿ ಕುರ್ಚಿ ತೋಯ್ದಿತು.

ಸಹಿ ಹಾಕಲು ಒಳಗೆ ಬಂದಾಗ ನಾನು ಅಡ್ಡ ನಿಂತೆ. "ಬೇಡ ಅಕ್ಕಾ. ನೀವು ಹಾಕದಿದ್ದರೆ ಅವನ ಮುದ್ರೆ ಹೋಗುತ್ತೆ. ಹೋಗಲಿ."

"ಕೆಲಸಾ ಮಾಡ್ಯಾನಲ್ಲೋ. ಮಾಡಿದ್ದನ್ನ ಮಾಡಿಲ್ಲ ಅಂತ ನಾ ಬರೀಲೇನು? ಅಂಥಾ ಮಾತು ಹೇಳಾಕ ಅವನು ಅದಾನಲ್ಲ." ಹೇಳಿ, ತಮ್ಮ ಪೂರ್ತಿ ಹೆಸರು ಬರೆದರು.

ಅವನು ಬೂಟು ಕಳಚಿ ಹೊಸ ಬಚ್ಚಲಿನ ಹೊಸ್ತಿಲಲ್ಲಿ ನಿಂತಿದ್ದ. ಅಕ್ಕ ಕಾಗದ ಚಾಚಿದರು. ತೆಗೆದುಕೊಂಡ. "ಆಂಟಿ" ಎಂದ, ಬೆಲ್ಲವೆಲ್ಲ ಇಳಿದುಹೋದ ಗಂಟಲು. ಆಮೇಲೆ ಬಗ್ಗಿ ಅವರ ಕಾಲಿಗೆ ಕೈ ನೀಡಿದ.

ಅಕ್ಕ ಪಾದ ಹಿಂದಕ್ಕೆ ತೆಗೆದುಕೊಂಡರು. ಅಷ್ಟು ದಿನಗಳಲ್ಲಿ ಮೊದಲ ಸಲ ಅವನೊಂದಿಗೆ ನೇರವಾಗಿ ಮಾತಾಡಿದರು. ಗುರುತಿಲ್ಲದ ಯಾವ ಪ್ಲಂಬರನಿಗಾದರೂ ಹೇಳುವಂಥ ದನಿ, ಸಿಟ್ಟಿಲ್ಲ, ಮರ್ಯಾದೆಗೆ ಕೊರತೆಯಿಲ್ಲ.

"ಮೈಂಡ್ ಯುವರ್ ಸ್ಟೆಪ್, ಪ್ಲೀಸ್. ದ ಫ್ಲೋರ್ ಈಸ್ ವೆಟ್."

ಅವನು ನೀಡಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಬಗ್ಗಿಕೊಂಡಿದ್ದ. ಆಮೇಲೆ ಎದ್ದು, ಬೂಟನ್ನು ಹಾಕಿಕೊಳ್ಳದೆ ಕೈಯಲ್ಲಿ ಹಿಡಿದು, ಮಳೆನೀರು ನಿಂತ ರಸ್ತೆಯಲ್ಲಿ ವ್ಯಾನಿನ ತನಕ ಬರಿಗಾಲಲ್ಲಿ ನಡೆದುಹೋದ.